ಹಸುವಿನ ಮಂಡಿ ಎಲ್ಲಿದೆ?

ಪ್ರಶ್ನೆ: ಹಸುವಿನ ಹಿಂಗಾಲಿನ ಮಂಡಿ ನಮ್ಮದಕ್ಕೆ ತದ್ವಿರುದ್ಧವಾಗಿ ಹಿಂದಕ್ಕೆ ಚಾಚಿರುವುದೇಕೆ?
– ಓದುಗರೊಬ್ಬರು, ಹನೂರು

ಉತ್ತರ: ನೀವು ನೋಡಿದ್ದು ಮಂಡಿಯಲ್ಲ, ಹಿಮ್ಮಡಿ! ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದ ಚರ್ಮದ ಮಡಿಕೆಯ ಹತ್ತಿರ ಅಡಗಿದೆ. ಅದು ನಮ್ಮದರಂತೆ ಮುಂದಕ್ಕೇ ಇದೆ. ಹಸು ಸದಾ ತುದಿಗಾಲಲ್ಲಿ ನಿಂತ ಪ್ರಾಣಿ. ಹಿಮ್ಮಡಿಯ ಕೆಳಗಿನ ಉದ್ದ ಮೂಳೆ, ಪಾದದ 3 ಮತ್ತು 4ನೆಯ ಮೂಳೆಗಳು ಬೆಸೆದು ಆದದ್ದು. ಸೀಳುಗೊರಸು ಆ ಎರಡು ಬೆರಳುಗಳ ಉಗುರು. ಎತ್ತಿಗೆ ಲಾಳ ಹೊಡೆಯುವುದೂ ಅದಕ್ಕೇ. ಹಿಮ್ಮಡಿಯ ಮೇಲೆ ಹುರಿಹಗ್ಗದಂಥ ಸ್ನಾಯುರಜ್ಜು ಕೈಗೆ ಸಿಗುತ್ತದೆ, ನಿಮ್ಮ ಕಾಲಲ್ಲೂ ಅದೇ ಉಂಟು. ಮುಟ್ಟಿ ನೋಡಿ, ಒದೆಯದ ಹಸುವಾದರೆ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಆನೆಯದು ಬೇರೆ ಕತೆ. ಅದರ ಮಂಡಿ ಮೈಯಿಂದ ಕೆಳಗಿಳಿದಿದೆ. ಹಾಗಾಗಿ ಹಿಂಗಾಲು ಮಡಿಸಿದರೆ ಥೇಟ್ ಮನುಷ್ಯ ಮಂಡಿಯೂರಿದ ಹಾಗೆ.