ಬೆರಳಿನ ಮಾತು ಕೇಳದ ಮೊಬೈಲ್

ಶ್ರೀರಂಗಪಟ್ಟಣ ಎಂದೊಡನೆ ಕರಾವಳಿಯ ನಮ್ಮ ಓದುಗರಿಗೆ 1784ರಲ್ಲಿ ಆರಂಭವಾದ ಸೆರೆವಾಸವೇ ಮೊದಲು ನೆನಪಿಗೆ ಬರುತ್ತದೆ. ಆದರೆ ಈ ಬಾರಿ ನಾವು ಬರೆಯಹೊರಟಿರುವುದು ಆ ಊರಿನ ಹಾಗೂ ಅದರ ನೆರೆಯ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳ ಇಂದಿನ ಹಿರಿಯರ ಬಗ್ಗೆ, ಅವರ ಕೈಯಲ್ಲಿರುವ ಮೊಬೈಲಿನ ಬಗ್ಗೆ.

"ಈ ಪೋನು ನನ್ ಬೆರಳ್ ಮಾತೇ ಕೇಳಕಿಲ್ಲ ಕಣಪ್ಪ." ಆ ಕಡೆ ಹೋಗಿದ್ದಾಗ ಪಾಂಡವಪುರದ ಹತ್ತಿರದ ಅಜ್ಜಿಯೊಬ್ಬರು ನಮಗೆ ಹೇಳಿದ ಮಾತಿದು. ಕಬ್ಬಿನ ಗದ್ದೆಯಲ್ಲಿ, ಆಲೆಮನೆಯಲ್ಲಿ ಹಲವು ವರ್ಷ ದುಡಿದ ಕೈ. ಬೆರಳ ತುದಿಗಳು ಜಡ್ಡುಗಟ್ಟಿದ್ದವು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣ ಬಂದಿದೆಯೇ ಎಂದು ನೋಡಲು ಅವರು ಅಂಗಡಿಯ ಹುಡುಗನ ಕೈಗೆ ಮೊಬೈಲ್ ಕೊಡುತ್ತಿದ್ದರು. ನಾಲ್ಕು ಜನರ ಎದುರಿಗೇ ಪಿನ್ ನಂಬರನ್ನೂ ಹೇಳುತ್ತಿದ್ದರು. ಹುಡುಗ ಒಳ್ಳೆಯವನೇ ಇರಬಹುದು. ಆದರೆ ತನ್ನ ಖಾತೆಯಲ್ಲಿ ಎಷ್ಟಿದೆ ಎಂಬುದು ಊರಿಗೆಲ್ಲ ಗೊತ್ತಾಗುವುದು ಯಾರಿಗೆ ಇಷ್ಟ?

ಇಂತಹ ಹಿರಿಯರು ತಮ್ಮ ವಯಸ್ಸನ್ನೋ ಅನಕ್ಷರತೆಯನ್ನೋ ದೂರಿಕೊಳ್ಳುತ್ತಾರೆ. ವಾಸ್ತವದಲ್ಲಿ ಕಾರಣ ಬೇರೆಯೇ ಇರುತ್ತದೆ. ಮೊಬೈಲಿನ ಗಾಜು ನಾವು ಎಷ್ಟು ಜೋರಾಗಿ ಒತ್ತುತ್ತೇವೆ ಎಂಬುದನ್ನು ಅಳೆಯುವುದಿಲ್ಲ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ಜಾಲವಿರುತ್ತದೆ. ನೀರು ಮತ್ತು ಉಪ್ಪಿನಂಶವಿರುವ ನಮ್ಮ ಬೆರಳು ಹತ್ತಿರ ಬಂದಾಗ ಆ ಜಾಲದಲ್ಲಿ ಆಗುವ ಸಣ್ಣ ಬದಲಾವಣೆಯಿಂದಲೇ ಮೊಬೈಲ್ ಸ್ಪರ್ಶವನ್ನು ಗುರುತಿಸುತ್ತದೆ. ಚರ್ಮ ಒಣಗಿ ದಪ್ಪಗಟ್ಟಿದ್ದರೆ ಈ ಬದಲಾವಣೆ ಕ್ಷೀಣವಾಗುತ್ತದೆ. ಮೇಲೆ ಅಂಟಿಸಿದ ದಪ್ಪ ಗಾಜೂ ಅಡ್ಡಿ ಮಾಡುತ್ತದೆ. ಕೈ ಒದ್ದೆಯಾಗಿದ್ದರೆ ಇದಕ್ಕೆ ತದ್ವಿರುದ್ಧ: ನೀರಿನ ಹನಿಯನ್ನೇ ಬೆರಳೆಂದು ತಿಳಿದು ಪರದೆ ಎಲ್ಲೆಲ್ಲಿಗೋ ಓಡುತ್ತದೆ.

ಮೊಬೈಲ್ ಕೇಳಲಿಲ್ಲವೆಂದು ಹಿರಿಯರು ಬೆರಳನ್ನು ಒತ್ತಿ ಹಿಡಿಯುತ್ತಾರೆ. ಅಲ್ಲಿಂದಲೇ ಎರಡನೆಯ ತೊಂದರೆ ಶುರು. ಸುಮಾರು ಅರ್ಧ ಸೆಕೆಂಡ್ ಬೆರಳು ಇಟ್ಟರೆ ಸಾಕು, ಅದು ಬೇರೆಯೇ ಆಜ್ಞೆಯಾಗುತ್ತದೆ. ಚಿತ್ರಗಳು ಜಾಗ ಬಿಟ್ಟು ಸರಿಯುತ್ತವೆ, ವಾಟ್ಸಾಪ್ ಮುಖಪುಟದಿಂದಲೇ ಮಾಯವಾಗುತ್ತದೆ. ಕೈ ನಡುಗುವವರಲ್ಲಿ ಒಂದು ಸಲ ಮುಟ್ಟಿದ್ದು ಮೂರು ಸಲ ಮುಟ್ಟಿದಂತಾಗಿ ತಪ್ಪು ಅಂಕಿ ಬೀಳುತ್ತದೆ.

ಇವೆರಡಕ್ಕೂ ಪರಿಹಾರ ಮೊಬೈಲಿನ ಒಳಗೇ ಇದೆ, ಹಣ ಕೊಡಬೇಕಾಗಿಲ್ಲ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಆಕ್ಸೆಸಿಬಿಲಿಟಿ' ಎಂಬ ವಿಭಾಗವಿದೆ. ಕನ್ನಡಕ್ಕೆ ಬದಲಾಯಿಸಿದ ಫೋನುಗಳಲ್ಲಿ ಇದು 'ಪ್ರವೇಶಿಸುವಿಕೆ' ಎಂದು ಕಾಣಿಸುತ್ತದೆ (ಈ ಪದ ನೋಡಿ ಯಾರಿಗೂ ಏನೂ ಅರ್ಥವಾಗದು ಎಂಬುದು ನಮ್ಮ ದೂರು). ಅದರಲ್ಲಿ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಎಂಬುದನ್ನು 'ಲಾಂಗ್' ಮಾಡಿದರೆ, ಬೆರಳನ್ನು ತುಸು ಹೊತ್ತು ಇಟ್ಟರೂ ಮೊಬೈಲ್ ತಾಳ್ಮೆಯಿಂದ ಕಾಯುತ್ತದೆ. ಸ್ಯಾಮ್‌ಸಂಗ್ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಲ್ಲಿ ಇದರ ಜೊತೆಗೆ, ಮೇಲಿಂದ ಮೇಲೆ ಬೀಳುವ ಸ್ಪರ್ಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ 'ಇಗ್ನೋರ್ ರಿಪೀಟೆಡ್ ಟಚಸ್' ಕೂಡ ಇದೆ. ನಡುಗುವ ಕೈಗಳಿಗೆ ಇದು ತುಂಬಾ ಉಪಕಾರಿ. ಅವರ ಹಲವು ಮಾಡೆಲ್‌ಗಳಲ್ಲಿ ಡಿಸ್‌ಪ್ಲೇ ವಿಭಾಗದಲ್ಲಿ 'ಟಚ್ ಸೆನ್ಸಿಟಿವಿಟಿ' ಎಂಬ ಗುಂಡಿಯಿದ್ದು, ಜಡ್ಡುಗಟ್ಟಿದ ಬೆರಳಿನವರಿಗೆ ಮೊದಲು ಅದನ್ನೇ ಹಾಕಿ ನೋಡಬೇಕು. ಮಕ್ಕಳು ಹೊರದೇಶದಿಂದ ತಂದುಕೊಟ್ಟ ಐಫೋನ್ ಅಥವಾ ಐಪ್ಯಾಡ್ ಇದ್ದವರು ಆಕ್ಸೆಸಿಬಿಲಿಟಿ, ಟಚ್, 'ಟಚ್ ಅಕಾಮಡೇಶನ್ಸ್' ಎಂದು ಹೋಗಬೇಕು. ಬೆರಳು ಎಲ್ಲೋ ತಾಗಿ ಜಾರಿದರೂ, ಕೊನೆಗೆ ಎತ್ತಿದ ಜಾಗವನ್ನೇ ಸರಿಯೆಂದು ಎಣಿಸುವ ಏರ್ಪಾಡು ಅಲ್ಲಿದೆ.

ನಾಗಮಂಗಲ, ಕೆ.ಆರ್. ಪೇಟೆಯ ರಾಗಿ ಹೊಲಗಳಲ್ಲಿ ಇರಲಿ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಇರಲಿ, ಪಹಣಿಯಿಂದ ಬೆಳೆ ಸಮೀಕ್ಷೆಯವರೆಗೆ ರೈತರ ಅನೇಕ ಕೆಲಸಗಳು ಇಂದು ಮೊಬೈಲಿಗೆ ಬಂದಿವೆ. ಹಾಗಾಗಿ ಇದು ಕೇವಲ ವಾಟ್ಸಾಪ್ ನೋಡುವ ಅನುಕೂಲದ ಮಾತಲ್ಲ.

ದೃಷ್ಟಿ ಇಲ್ಲದವರ ವಿಷಯ ಇನ್ನೂ ಸ್ವಾರಸ್ಯಕರ. ನುಣುಪು ಗಾಜಿನ ಮೇಲೆ ತಡವರಿಸಿ ಗುರುತಿಸಲು ಏನೂ ಇಲ್ಲ, ಆದ್ದರಿಂದ ಟಚ್ ಫೋನ್ ಅಂಧರಿಗೆ ಆಗದು ಎಂದೇ ಒಂದು ಕಾಲದಲ್ಲಿ ಅನೇಕರು ಭಾವಿಸಿದ್ದರು. 2009ರಲ್ಲಿ ಐಫೋನಿಗೆ 'ವಾಯ್ಸ್‌ಓವರ್', ಆಂಡ್ರಾಯ್ಡಿಗೆ 'ಟಾಕ್‌ಬ್ಯಾಕ್' ಬಂದವು. ಪುಣೆಯಲ್ಲಿ ಬೆಳೆದ, ಸ್ವತಃ ಅಂಧರಾದ ಇಂಜಿನಿಯರ್ ಟಿ.ವಿ. ರಾಮನ್ ಅವರು ಗೂಗಲ್‌ನಲ್ಲಿ ಈ ಬಗೆಯ ಕೆಲಸದಲ್ಲಿ ಮುಂದಾಳಾಗಿದ್ದರು. ಬೆರಳು ಒಮ್ಮೆ ತಾಗಿದರೆ ಅಲ್ಲಿರುವುದನ್ನು ಮೊಬೈಲ್ ಓದಿ ಹೇಳುತ್ತದೆ, ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ. ಪುಟ ಸರಿಸಲು ಎರಡು ಬೆರಳು ಬೇಕು. ಟಾಕ್‌ಬ್ಯಾಕ್‌ಗೆ ಕನ್ನಡ ಧ್ವನಿಯೂ ಇದೆ. ಪಿನ್ ಒತ್ತುವಾಗ ಮಾತ್ರ ಇಯರ್‌ಫೋನ್ ಹಾಕಿಕೊಳ್ಳುವುದು ಕ್ಷೇಮ.

ಇಲ್ಲೊಂದು ಎಚ್ಚರಿಕೆ. ಧ್ವನಿ ಹೆಚ್ಚಿಸುವ, ತಗ್ಗಿಸುವ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಒಟ್ಟಿಗೆ ಒತ್ತಿದರೆ ಅನೇಕ ಮೊಬೈಲುಗಳಲ್ಲಿ ಟಾಕ್‌ಬ್ಯಾಕ್ ತಾನಾಗಿ ಆರಂಭವಾಗುತ್ತದೆ. ಜೇಬಿನಲ್ಲೋ ಮೊಮ್ಮಕ್ಕಳ ಕೈಯಲ್ಲೋ ಇದು ಸುಲಭವಾಗಿ ಆಗಿಬಿಡುತ್ತದೆ. ನಮ್ಮ ಪರಿಚಯದ ಹಿರಿಯರೊಬ್ಬರ ಮೊಬೈಲ್ ಹೀಗಾದಾಗ, ಅಂಗಡಿಯೊಂದರಲ್ಲಿ ಡಿಸ್‌ಪ್ಲೇ ಹೋಗಿದೆ, ಬದಲಾಯಿಸಬೇಕು ಎಂದರಂತೆ. ಅದೇ ಎರಡು ಗುಂಡಿಗಳನ್ನು ಮತ್ತೆ ಮೂರು ಸೆಕೆಂಡ್ ಒತ್ತಿದಾಗ ಎಲ್ಲ ಸರಿಯಾಯಿತು.

ಕಾನೂನಿನ ಆಧಾರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಬ್ಯಾಂಕಿನ ಕೆವೈಸಿಗಾಗಿ ಮೊಬೈಲ್ ಮುಂದೆ ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿ ಸಂತ್ರಸ್ತರು ಮತ್ತು ಅಂಧರೊಬ್ಬರು ಸಲ್ಲಿಸಿದ್ದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು, ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿದೆ.

ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಯ ಮಾತು ನಮಗೇಕೆ ಎಂದು ಕೇಳುವವರಿರಬಹುದು. ಬೀಡಿ ಕಟ್ಟಿದ ಬೆರಳುಗಳು, ಗೇರುಬೀಜದ ಎಣ್ಣೆಯಿಂದ ಸುಟ್ಟ ಬೆರಳುಗಳು, ಮೀನು ಕತ್ತರಿಸಿ ಸದಾ ಒದ್ದೆಯಾಗಿರುವ ಕೈಗಳು ನಮ್ಮ ವಾಳೆಗಳಲ್ಲಿ ಎಷ್ಟಿಲ್ಲ? ಗುರಿಕಾರರು ಮತ್ತು ಐ.ಸಿ.ವೈ.ಎಂ. ಯುವಜನರು ಹಿರಿಯರ ಮನೆಗೆ ಹೋದಾಗ ಐದು ನಿಮಿಷ ಇದಕ್ಕೆ ಮೀಸಲಿಡಬೇಕೆಂದು ನಮ್ಮ ವಿನಂತಿ. ಮೊಬೈಲನ್ನು ನೀವು ಕೈಗೆ ತೆಗೆದುಕೊಳ್ಳಬೇಡಿ. ಅದು ಅವರ ಕೈಯಲ್ಲೇ ಇರಲಿ, ಅವರೇ ಮುಟ್ಟಲಿ, ಅವರ ಬೆರಳಿಗೆ ಹೊಂದುವವರೆಗೆ ಒಂದೊಂದೇ ಬದಲಾವಣೆ ಮಾಡಿಸಿ. ಎಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಗೊಂದಲವಾಗುತ್ತದೆ. ಏನೇನು ಬದಲಾಯಿಸಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದು ಮೊಬೈಲ್ ಕವರಿನ ಹಿಂದೆ ಇಡಿ. ಪಿನ್ ನಂಬರನ್ನು ಮಾತ್ರ ಬರೆಯಲೂ ಬೇಡಿ, ಕೇಳಲೂ ಬೇಡಿ. ಅಂಗವಿಕಲರಿದ್ದರೆ ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಬಹುದು.

ಪಾಂಡವಪುರದ ಆ ಅಜ್ಜಿಯ ಮೊಬೈಲಿನ ಮೇಲಿದ್ದ ದಪ್ಪ ಗಾಜನ್ನು ತೆಗೆಸಿ, ಡಿಲೇಯನ್ನು ಹೆಚ್ಚಿಸಿ, ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಟ್ಟಿಸಿದೆವು. ಮೂರನೇ ಪ್ರಯತ್ನಕ್ಕೆ ತೆರೆಯಿತು. ಬಾಕಿ ನೋಡಿಕೊಂಡರು. ಎಷ್ಟಿತ್ತೆಂದು ನಮಗೆ ಹೇಳಲಿಲ್ಲ.