ನಾಡಗೀತೆಯ ಧಾಟಿ ಮತ್ತು ಮೈಸೂರು ಅನಂತಸ್ವಾಮಿ

ಕವಿತೆಯು ಗ್ರಂಥದಲ್ಲಿ ಅಚ್ಚಾದ ಮಾತ್ರಕ್ಕೆ ಜನರ ನಾಲಗೆಯಲ್ಲಿ ನೆಲೆಸುವುದಿಲ್ಲ. ಅದಕ್ಕೆ ಧಾಟಿಯೊಂದು ಬೇಕಾಗುತ್ತದೆ. ಕನ್ನಡ ಭಾವಗೀತೆಗಳಿಗೆ ಅಂತಹ ಧಾಟಿಗಳನ್ನಿತ್ತವರಲ್ಲಿ ಮೈಸೂರು ಅನಂತಸ್ವಾಮಿಯವರು (1936–1995) ಪ್ರಮುಖರು. ಅವರು ಸ್ವತಃ ಗಾಯಕರೂ ಆಗಿದ್ದರು. ಅವರ ಸಂಯೋಜನೆಯಲ್ಲಿ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯು ನಿಸಾರ್ ಅಹಮದರ ಕವಿತೆಗಳನ್ನು ಓದುಗರಲ್ಲದವರ ಮನೆಗಳಿಗೂ ಮುಟ್ಟಿಸಿತು.

ಮೂಡಿಗೆರೆಯಂತೆಯೇ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ಗೀತೆಯು 2004ರಲ್ಲಿ ನಾಡಗೀತೆಯಾಯಿತು. ಪಾಠವು ನಿಶ್ಚಿತವಾದರೂ ಧಾಟಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಉಳಿಯಿತು, ಅನಂತಸ್ವಾಮಿಯವರದೂ ಸಿ. ಅಶ್ವತ್ಥ್ ಅವರದೂ ಬಳಕೆಯಲ್ಲಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿ, ಆಲಾಪ ಹಾಗೂ ಪುನರಾವರ್ತನೆಗಳಿಲ್ಲದೆ ಪೂರ್ಣಪಾಠವನ್ನು 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಆದೇಶಿಸಿತು.

ಆಲಾಪವೂ ಪುನರಾವರ್ತನೆಯೂ ಭಾವಗೀತೆಯ ಗಾಯಕನಿಗೆ ಸಲ್ಲುವ ಸ್ವಾತಂತ್ರ್ಯಗಳು. ಸಭೆಯೆಲ್ಲವೂ ಒಡನೆ ಹಾಡುವ ಗೀತೆಗಾದರೋ ಏಕರೂಪತೆಯೇ ಮುಖ್ಯ. ಒಬ್ಬರ ಧಾಟಿಯು ನಾಡಿನ ಸ್ವತ್ತಾಗುವಾಗ ಈ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಮೂಡಿಗೆರೆಯ ಶಾಲೆಯಲ್ಲಿ ನಾಡಗೀತೆಯನ್ನು ಹಾಡುವ ಮಗುವಿಗೆ ಕವಿಯ ಹೆಸರಿನೊಡನೆ ಧಾಟಿಯಿತ್ತವರ ಹೆಸರನ್ನೂ ಕಲಿಸುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.