ಹಳೇ ಕಪ್ಪು ಫಿಲ್ಮ್ ಕಳಚಿ, ಊರಿನ ದಾರಿ ಹಿಡಿಯಿರಿ

ಮೇ ತಿಂಗಳ ರಜೆ, ಗಣೇಶ ಚತುರ್ಥಿ, ಊರಿನ ನೇಮ-ಜಾತ್ರೆ ಬಂತೆಂದರೆ ಮುಂಬಯಿಯ ತುಳು-ಕನ್ನಡಿಗರ ಕಾರುಗಳು ಪನ್ವೇಲ್ ದಾಟಿ ಕರಾವಳಿಯತ್ತ ಮುಖ ಮಾಡುತ್ತವೆ. ಕೆಲಸ ಮುಗಿಸಿ ಹೊರಡುವವರಲ್ಲಿ ಹಲವರಿಗೆ ರಾತ್ರಿಯ ಪ್ರಯಾಣವೇ ಗತಿ. ಹೊರಡುವ ಮುನ್ನ ಟಯರಿನ ಗಾಳಿ, ಬ್ರೇಕ್, ಆಯಿಲ್ ಎಲ್ಲವನ್ನೂ ನೋಡಿಸುತ್ತಾರೆ. ಆದರೆ ವರ್ಷಗಳ ಹಿಂದೆ ಗಾಜಿಗೆ ಅಂಟಿಸಿದ ಸನ್ ಕಂಟ್ರೋಲ್ ಫಿಲ್ಮಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ.

ಅಗ್ಗದ ಫಿಲ್ಮಿನ ಬಣ್ಣ ಬಿಸಿಲಿಗೆ ಕೆಟ್ಟು ನೇರಳೆಯಾಗುತ್ತದೆ. ಅಂಟು ಸಡಿಲಗೊಂಡು ಗುಳ್ಳೆಗಳೇಳುತ್ತವೆ. ಇಂಥ ಗಾಜಿನಾಚೆ ಎದುರು ವಾಹನದ ದೀಪ ಚದುರಿ ಕಾಣುತ್ತದೆ. ರಸ್ತೆ ಬದಿಯಲ್ಲಿ ನಡೆಯುವವನು, ದೀಪವಿಲ್ಲದ ಸೈಕಲಿನವನು ಕಣ್ಣಿಗೆ ಬೀಳುವುದೇ ಇಲ್ಲ. ವಯಸ್ಸಾದಂತೆ ಕಣ್ಣಿನೊಳಗೆ ಹೋಗುವ ಬೆಳಕು ಕಡಿಮೆಯಾಗುವುದರಿಂದ ಐವತ್ತು ದಾಟಿದ ಚಾಲಕರಿಗೆ ಈ ಅಪಾಯ ಇನ್ನೂ ಹೆಚ್ಚು.

ಕಾನೂನಿನ ಮಾತೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಬದಿಯ ಗಾಜು ಶೇ. 50ರಷ್ಟು ಬೆಳಕನ್ನು ಬಿಡಬೇಕು. 2012ರ ಎಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ದಂಡದ ಜೊತೆಗೆ ಫಿಲ್ಮನ್ನು ಕಿತ್ತು ತೆಗೆಯುವ ಅಧಿಕಾರವನ್ನೂ ಪೊಲೀಸರಿಗೆ ನೀಡಿತು. 2021ರ ಎಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಆಧರಿಸಿ ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ, ಮಿತಿಯೊಳಗಿನ ಫಿಲ್ಮಿಗೆ ದಂಡ ಹಾಕುವಂತಿಲ್ಲ ಎಂದಿತು. ಆದರೆ 70-50ರ ಮಿತಿ ಸಡಿಲವಾಗಿಲ್ಲ. ಲೆಕ್ಕ ಸರಳ: ಶೇ. 75 ಬೆಳಕು ಬಿಡುವ ಗಾಜಿಗೆ ಶೇ. 50ರ ಫಿಲ್ಮ್ ಅಂಟಿಸಿದರೆ ಒಳಬರುವುದು ಸುಮಾರು ಶೇ. 37 ಮಾತ್ರ.

ಹಾಗಾದರೆ ತೆಗೆಯುವುದು ಹೇಗೆ? ರವಿವಾರದ ಬೆಳಗ್ಗೆ ಸೊಸೈಟಿಯ ಅಂಗಳದಲ್ಲೇ ಮಾಡಬಹುದಾದ ಕೆಲಸವಿದು. ಫಿಲ್ಮ್ ಇರುವುದು ಗಾಜಿನ ಒಳಮೈಯಲ್ಲಿ. ಬದಿಯ ಗಾಜನ್ನು ಸ್ವಲ್ಪ ಕೆಳಗಿಳಿಸಿ, ಮೇಲಿನ ಮೂಲೆಗೆ ಹೇರ್ ಡ್ರೈಯರಿನ ಬಿಸಿ ಗಾಳಿ ಹಾಯಿಸಿ. ಒಂದೇ ಕಡೆ ಹಿಡಿಯದೆ ಅತ್ತಿತ್ತ ಆಡಿಸುತ್ತಿರಿ. ಅಂಟು ಮೆತ್ತಗಾದಾಗ ಉಗುರಿನಿಂದ ಮೂಲೆಯನ್ನೆಬ್ಬಿಸಿ, ಬಿಸಿ ಕೊಡುತ್ತಲೇ ನಿಧಾನವಾಗಿ ಎಳೆಯಿರಿ. ಅವಸರ ಮಾಡಿದರೆ ಫಿಲ್ಮ್ ಹರಿದು ಅಂಟೆಲ್ಲ ಗಾಜಿನಲ್ಲೇ ಉಳಿಯುತ್ತದೆ. ಉಳಿದ ಅಂಟಿಗೆ ಸಾಬೂನು ನೀರು ಚಿಮುಕಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿನಲ್ಲಿ ಕೆರೆಯಬೇಕು. ಬಾಗಿಲಿನ ಸ್ವಿಚ್‌ಗಳಿಗೆ ನೀರಿಳಿಯದಂತೆ ಕೆಳಗೆ ಟವೆಲ್ ಹಾಸಲು ಮರೆಯಬೇಡಿ.

ಹಿಂದಿನ ಗಾಜಿನ ವಿಷಯ ಮಾತ್ರ ಬೇರೆ. ಅನೇಕ ಕಾರುಗಳಲ್ಲಿ ಅದರ ಒಳಮೈಯಲ್ಲಿ ಮಂಜು ಕರಗಿಸುವ ಡಿಫಾಗರಿನ ತೆಳು ಗೆರೆಗಳಿರುತ್ತವೆ. ಫಿಲ್ಮ್ ಕೂತಿರುವುದು ಅವುಗಳ ಮೇಲೆಯೇ. ಬ್ಲೇಡ್ ತಾಗಿ ಒಂದು ಗೆರೆ ತುಂಡಾದರೂ ಅದು ಕೆಲಸ ಮಾಡುವುದಿಲ್ಲ. ಮಳೆಗಾಲದ ಘಾಟಿಯಲ್ಲಿ ಅದರ ಬೆಲೆ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಬ್ಲೇಡ್ ಬೇಡವೇ ಬೇಡ. ಬಟ್ಟೆಗೆ ಹಬೆ ಕೊಡುವ ಸ್ಟೀಮರ್ ಇದ್ದರೆ ಹಬೆ ಹಾಯಿಸಿ. ಇಲ್ಲವಾದರೆ ಒಳಗಿನ ಫಿಲ್ಮನ್ನು ಸಾಬೂನು ನೀರಿನಿಂದ ನೆನೆಸಿ, ಗಾಜಿನ ಹೊರಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿ, ಕಾರನ್ನು ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿ. ಬಳಿಕ ಗೆರೆಗಳು ಸಾಗುವ ದಿಕ್ಕಿನಲ್ಲೇ ಅಡ್ಡಕ್ಕೆ ಎಳೆಯಿರಿ. ಅಂಟನ್ನು ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿ ತೆಗೆಯಬೇಕು.

ಅಮೋನಿಯಾ ಹಾಕಿದರೆ ಬೇಗ ಬಿಡುತ್ತದೆ ಎನ್ನುವವರಿದ್ದಾರೆ. ಅದರ ಘಾಟು ಮುಚ್ಚಿದ ಕಾರಿನೊಳಗೆ ಕಣ್ಣಿಗೂ ಎದೆಗೂ ಅಪಾಯಕಾರಿ. ಬ್ಲೀಚಿನೊಡನೆ ಬೆರೆತರಂತೂ ವಿಷದ ಗಾಳಿ ಹುಟ್ಟುತ್ತದೆ. ಮಕ್ಕಳು, ಉಬ್ಬಸದವರು ಇರುವ ಮನೆಯಲ್ಲಿ ಈ ಗೊಡವೆಗೇ ಹೋಗದಿರುವುದು ಒಳ್ಳೆಯದು.

ಅನುಭವವಿಲ್ಲದವರು ಬದಿಯ ಗಾಜುಗಳನ್ನು ತಾವೇ ಮಾಡಿ, ಹಿಂದಿನದನ್ನು ಮಾತ್ರ ಆಕ್ಸೆಸರಿ ಅಂಗಡಿಯ ಕುಶಲ ಕೆಲಸಗಾರನಿಗೆ ಒಪ್ಪಿಸಬಹುದು. ಆತ ಬ್ಲೇಡ್ ತೆಗೆದರೆ ಡಿಫಾಗರಿನ ಗೆರೆಗಳನ್ನು ತೋರಿಸಿ ಎಚ್ಚರಿಸಿ. ಬಿಸಿಲಿನ ಚಿಂತೆಯೇ? ನಿಲ್ಲಿಸಿದ ಕಾರಿಗೆ ಮುಂಗಾಜಿನ ಸನ್ ಶೇಡ್ ಇದೆ, ಮರದ ನೆರಳಿದೆ. ರಾತ್ರಿಯ ಹೆದ್ದಾರಿಯಲ್ಲಿ ಮಾತ್ರ ಚಾಲಕನಿಗೆ ತಿಳಿಗಾಜೇ ಬೇಕು. ಈ ಬಾರಿ ಊರಿಗೆ ಹೊರಡುವ ವಾರಕ್ಕೆ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.